ಕಂಡು ಮರೆಯಾಗುವ ದೋಷ

ವಿಷಮಜ್ವರವೆಂಬ ವ್ಯಾಧಿಯು ಹಿಂದಿನ ಕಾಲದ ವೈದ್ಯರ ಬುದ್ಧಿಯನ್ನು ಬಹಳವಾಗಿ ಪರೀಕ್ಷಿಸುತ್ತಿತ್ತು. ಒಂದು ದಿನ ರೋಗಿಯು ಕಂಬಳಿಯ ಮೇಲೆ ಕಂಬಳಿ ಹೊದ್ದರೂ ಗಡಗಡನೆ ನಡುಗುವನು. ಮರುದಿನ ಎದ್ದು ಹೊಲಕ್ಕೆ ಹೋಗುವನು. ಅದರ ಮರುದಿನ ಅದೇ ಹೊತ್ತಿಗೆ ತಿರುಗಿ ನಡುಗುವನು. ವೈದ್ಯನು ನಡುವಿನ ದಿನ ಬಂದನಾದರೆ ನಾಡಿಯು ನೆಟ್ಟಗಿರುವದು, ಮೈ ತಣ್ಣಗಿರುವದು. ಆ ದಿನದ ಮಟ್ಟಿಗೆ ‘ಜ್ವರವಿಲ್ಲ’ ಎಂಬ ಮಾತು ನಿಜ. ‘ರೋಗವಿಲ್ಲ’ ಎಂಬ ಮಾತು ಸುಳ್ಳು. ಬೀಜವು ನೆಲದಲ್ಲಿ ಅಡಗಿದ್ದು ತನ್ನ ಕಾಲಕ್ಕೆ ಮೊಳೆಯುವಂತೆ ದೋಷವು ಧಾತುಗಳಲ್ಲಿ ಅಡಗಿದ್ದು ತನ್ನ ಕಾಲಕ್ಕೆ ಕೆರಳುವದೆಂದು ಚರಕಸಂಹಿತೆಯು ಇದನ್ನು ವಿವರಿಸಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡನು. ಆ ಜೀವಾಣುಗಳು ರಕ್ತಕಣಗಳನ್ನು ಒಡೆದು ಹೊರಬೀಳುವ ಹೊತ್ತಿಗೆ ಜ್ವರವು ಏರುವದೆಂದೂ, ಜ್ವರವಿಲ್ಲದ ದಿನಗಳಲ್ಲಿ ಅವು ಕಣಗಳ ಒಳಗೆ ಸದ್ದಿಲ್ಲದೆ ಬಲಿಯುತ್ತಿರುವವೆಂದೂ ಈಗ ಎಲ್ಲರಿಗೂ ತಿಳಿದಿದೆ.

ದೋಷವು ಸದಾ ಕಾಣುತ್ತಲೇ ಇದ್ದರೆ ಮನುಷ್ಯನ ಬುದ್ಧಿಗಾಗಲಿ ಧರ್ಮಕ್ಕಾಗಲಿ ಅಂಥ ದೊಡ್ಡ ಪರೀಕ್ಷೆಯೇನೂ ಇಲ್ಲ. ಮುರಿದ ಗಾಲಿಯನ್ನು ಗಟ್ಟಿಯಾದದ್ದೆಂದು ಯಾರೂ ಮಾರಲಾರರು, ಯಾರೂ ಕೊಳ್ಳಲಾರರು. ಒಂದು ಸಲ ಕಂಡು ಹತ್ತು ಸಲ ಮರೆಯಾಗುವ ದೋಷವೇ ಕಠಿಣವಾದದ್ದು. ಯಾತಕ್ಕೆಂದರೆ ಅದನ್ನು ಕಂಡವನೊಬ್ಬ, ಪರೀಕ್ಷಿಸುವವನು ಮತ್ತೊಬ್ಬ, ಅದರ ಫಲವನ್ನು ಉಣ್ಣುವವನು ಮೂರನೆಯವನು. ಪರೀಕ್ಷೆಯಲ್ಲಿ ಕಾಣದ ದೋಷವನ್ನು ಇಲ್ಲವೆಂದು ಎಣಿಸಬಹುದೇ? ಒಮ್ಮೆ ಕಂಡವನು ಕಾಣದವನಿಗೆ ಅದನ್ನು ಹೇಳಲಿಕ್ಕೆ ಬದ್ಧನೇ? ಈ ಎರಡು ಪ್ರಶ್ನೆಗಳನ್ನು ಇಂದಿನ ಗೃಹಸ್ಥರ ಬಾಗಿಲಲ್ಲಿಯೇ ನಿಂತಿರುವ ಒಂದು ವಸ್ತುವಿನ, ಅಂದರೆ ಮೋಟಾರು ಗಾಡಿಯ, ನಿಮಿತ್ತದಿಂದ ವಿಚಾರಿಸುವದು ಉಚಿತವಾಗಿದೆ.

ಹಾವೇರಿಯು ಧಾರವಾಡದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾದ 1997ನೆಯ ಇಸವಿಯಲ್ಲಿಯೇ ಜಪಾನ ದೇಶದಲ್ಲಿ ಹೈಬ್ರಿಡ್ ಎಂಬ ಬಗೆಯ ಕಾರು ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರಾಟಕ್ಕೆ ಬಂದಿತು. ಈಗ ಅಂಥ ಗಾಡಿಗಳು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ ಸಣ್ಣ ಊರುಗಳ ಅಂಗಳಗಳನ್ನೂ ಸೇರಿವೆ. ಈ ಗಾಡಿಯಲ್ಲಿ ಪೆಟ್ರೋಲಿನ ಇಂಜಿನೂ ವಿದ್ಯುತ್ತಿನ ಮೋಟಾರೂ ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ ದುಡಿಯುವವು. ಒಂದು ಎಳೆಯುವಾಗ ಮತ್ತೊಂದು ವಿಶ್ರಮಿಸುವದೂ ಉಂಟು. ಹಳೆಯ ಗಾಡಿಗಳಲ್ಲಿ ಇಂಜಿನಿಗೆ ಬೆಲ್ಟಿನಿಂದ ಜೋಡಿಸಿದ ಪಂಪು ಎಣ್ಣೆಯನ್ನು ಒತ್ತಿ ಸ್ಟಿಯರಿಂಗ್ ಚಕ್ರವನ್ನು ಹಗುರ ಮಾಡುತ್ತಿತ್ತು. ಓಡುತ್ತಿರುವಾಗಲೇ ಇಂಜಿನು ನಿಂತುಹೋಗುವ ಗಾಡಿಯಲ್ಲಿ ಆ ಏರ್ಪಾಡು ನಡೆಯಲಾರದು. ಆದ್ದರಿಂದ ಆ ಕೆಲಸಕ್ಕೆ ಪ್ರತ್ಯೇಕವಾದ ಒಂದು ಚಿಕ್ಕ ವಿದ್ಯುತ್ ಮೋಟಾರನ್ನು ಇಟ್ಟಿರುವರು. ಚಾಲಕನು ಚಕ್ರವನ್ನು ತಿರುವಿದೊಡನೆ ಅದರ ದಂಡದೊಳಗಿನ ಒಂದು ಸರಳು ಅತಿ ಸ್ವಲ್ಪ ಹೊರಳುವದು. ಆ ಹೊರಳನ್ನು ಒಂದು ಸೆನ್ಸರು ಅಳೆಯುವದು. ಅದಕ್ಕೆ ಎಷ್ಟು ಸಹಾಯ ಬೇಕೆಂಬದನ್ನು ಒಂದು ಪುಟ್ಟ ಗಣಕಯಂತ್ರವು ನಿರ್ಧರಿಸಿ ಮೋಟಾರಿಗೆ ಆಜ್ಞೆ ಕೊಡುವದು. ಬಹುತೇಕ ಗಾಡಿಗಳಲ್ಲಿ ಈ ಮೋಟಾರಿಗೆ ಬೇಕಾದ ವಿದ್ಯುತ್ತು ಹನ್ನೆರಡು ವೋಲ್ಟಿನ ಸಾಮಾನ್ಯ ಬ್ಯಾಟರಿಯ ಕಡೆಯಿಂದ ಬರುವದು.

ಈ ಸಾಲಿನಲ್ಲಿ ಎಲ್ಲಿಯಾದರೂ ಲೋಪ ತೋರಿದರೆ ಆ ಗಣಕಯಂತ್ರವು ತಪ್ಪಾದ ಸಹಾಯ ಮಾಡುವದಕ್ಕಿಂತ ಸಹಾಯವನ್ನೇ ಮಾಡದಿರುವದು ಲೇಸೆಂದು ಕೈ ಹಿಂತೆಗೆದುಕೊಳ್ಳುವದು. ಚಾಲಕನ ಮುಂದೆ ಚಕ್ರದ ಚಿತ್ರವೂ ಆಶ್ಚರ್ಯಚಿಹ್ನೆಯೂ ಉಳ್ಳ ಒಂದು ದೀಪವನ್ನು ಹೊತ್ತಿಸುವದು. ಆಗ ಚಕ್ರಕ್ಕೂ ಗಾಲಿಗಳಿಗೂ ಇರುವ ಉಕ್ಕಿನ ಸಂಬಂಧವು ಕಡಿದುಹೋಗುವದಿಲ್ಲ. ಗಾಡಿಯು ತಿರುಗುವದು, ಆದರೆ ಬಹಳ ಭಾರವಾಗಿ. ಗಟ್ಟಿಮುಟ್ಟಾದ ತೋಳಿನವನಿಗೆ ಇದು ತೊಂದರೆ; ಕೃಶವಾದ ತೋಳಿನವರಿಗೆ, ತಿರುವಿನ ನಟ್ಟನಡುವೆ ಇದು ಸಂಭವಿಸಿದರೆ, ಪ್ರಾಣದ ಮಾತು.

ದೃಷ್ಟಾಂತಕ್ಕಾಗಿ ಬ್ಯಾಡಗಿಯ ಒಬ್ಬ ಮೆಣಸಿನಕಾಯಿಯ ದಲಾಲನನ್ನು ಎಣಿಸಿಕೊಳ್ಳಬಹುದು. ಅವನು ಹಾವೇರಿಯ ಒಬ್ಬ ಗೃಹಸ್ಥನಿಂದ ಬಳಸಿದ ಹೈಬ್ರಿಡ್ ಗಾಡಿಯನ್ನು ಕೊಂಡನು. ಕೊಟ್ಟವನು ಗಾಡಿಯಲ್ಲಿ ಯಾವ ತಕರಾರೂ ಇಲ್ಲವೆಂದು ಹೇಳಿದನು. ಮುಂಗಾರು ಹಿಡಿದ ಮೂರನೆಯ ವಾರದಲ್ಲಿ ವರ್ತಕನು ತನ್ನ ವೃದ್ಧ ತಾಯಿಯನ್ನು ಕೂಡಿಸಿಕೊಂಡು ಹಾವೇರಿಯಿಂದ ಬರುತ್ತ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯನ್ನು ಬಿಟ್ಟು ಬ್ಯಾಡಗಿಯ ಕಡೆಗೆ ತಿರುಗುತ್ತಿರುವಾಗ ದೀಪವು ಹೊತ್ತಿಕೊಂಡಿತು, ಚಕ್ರವು ಕಲ್ಲಿನಂತಾಯಿತು. ಎದುರಿಗೆ ಲಾರಿಯೊಂದು ಬರುತ್ತಿತ್ತು. ಎರಡೂ ಕೈಗಳಿಂದ ಬಲವಾಗಿ ಎಳೆದು ಹೇಗೋ ಪಕ್ಕಕ್ಕೆ ಸರಿದನು. ಗಾಡಿಯನ್ನು ನಿಲ್ಲಿಸಿ ತಿರುಗಿ ಚಾಲೂ ಮಾಡಿದರೆ ದೀಪವೂ ಇಲ್ಲ, ಭಾರವೂ ಇಲ್ಲ. ಮನೆ ಮುಟ್ಟಿದ ಮೇಲೆ ತಾಯಿಯು ದೇವರಿಗೆ ಕಾಯಿ ಒಡೆಸಿದಳು. ಮಗನು ಗ್ಯಾರೇಜಿಗೆ ಹೋದನು.

ಹಾವೇರಿಯ ಮೊದಲನೆಯ ಗ್ಯಾರೇಜಿನಲ್ಲಿ ಸ್ಕ್ಯಾನರನ್ನು ಜೋಡಿಸಿ ನೋಡಿದರು. ಹಿಂದೆಂದೋ ಆದ ದೋಷದ ಒಂದು ಸಂಕೇತವು ಗಾಡಿಯ ನೆನಪಿನಲ್ಲಿ ಇತ್ತು. ಆ ಹೊತ್ತಿನ ದೋಷವು ಯಾವದೂ ಇರಲಿಲ್ಲ. ಅವರು ಹಳೆಯ ಸಂಕೇತವನ್ನು ಅಳಿಸಿಹಾಕಿ, ಎಲ್ಲವೂ ಸರಿಯಾಗಿದೆಯೆಂದು ಹೇಳಿ ಕಳಿಸಿದರು. ದೋಷವು ತೋರಿದ ಗಳಿಗೆಯಲ್ಲಿ ಗಾಡಿಯ ವೇಗವೆಷ್ಟು, ವಿದ್ಯುತ್ತಿನ ಒತ್ತಡವೆಷ್ಟು ಎಂಬ ವಿವರಗಳನ್ನು ಅನೇಕ ಗಾಡಿಗಳು ಆ ಸಂಕೇತದ ಸಂಗಡವೇ ಬರೆದಿಟ್ಟುಕೊಳ್ಳುವವು. ಸಂಕೇತವನ್ನು ಅಳಿಸಿದರೆ ಆ ಸಾಕ್ಷಿಯೂ ಅಳಿದುಹೋಗುವದು. ಮತ್ತೆ ದೀಪ ಹೊತ್ತಿದಾಗ ಎರಡನೆಯ ಕಡೆಗೆ ಹೋದನು. ಅಲ್ಲಿ ಏನನ್ನೂ ಅಳೆಯದೆ, ಸ್ಟಿಯರಿಂಗಿನ ಸಮಗ್ರ ದಂಡವನ್ನೇ ಮೋಟಾರಿನ ಸಹಿತ ಬದಲಿಸತಕ್ಕದ್ದೆಂದು ಹೇಳಿ ದೊಡ್ಡ ಮೊತ್ತವನ್ನು ಕೇಳಿದರು. ಮೊದಲನೆಯವರು ಕಾಣದ್ದನ್ನು ಇಲ್ಲವೆಂದರು. ಎರಡನೆಯವರು ಕಾಣದ್ದನ್ನು ಕಂಡೆವೆಂದರು. ತರ್ಕಶಾಸ್ತ್ರದ ದೃಷ್ಟಿಯಿಂದ ಇಬ್ಬರದೂ ಒಂದೇ ಜಾತಿಯ ತಪ್ಪು.

ಅನುಪಲಬ್ಧಿ, ಅಂದರೆ ಕಾಣದಿರುವಿಕೆಯಿಂದ ಇಲ್ಲವೆಂದು ತಿಳಿಯುವದು, ಪ್ರಾಚೀನರು ಬಹಳವಾಗಿ ಚರ್ಚಿಸಿದ ವಿಷಯವು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸಿದರು. ನೈಯಾಯಿಕರು ಪ್ರತ್ಯಕ್ಷದೊಳಗೇ ಅದನ್ನು ಅಡಗಿಸಿದರು. ಆದರೆ ಒಂದು ಮಾತಿನಲ್ಲಿ ಅವರೆಲ್ಲರೂ ಸರಿಯಾಗಿ ಕೂಡುವರು. ಕಾಣದಿರುವಿಕೆಗೆ ಯೋಗ್ಯತೆ ಇರಬೇಕು. ಹಗಲಿನ ಬೆಳಕಿನಲ್ಲಿ ಬರಿದಾದ ನೆಲವನ್ನು ನೋಡಿ, ಗಡಿಗೆ ಇದ್ದಿದ್ದರೆ ಕಾಣುತ್ತಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ ಎಂದು ಹೇಳಬಹುದು. ಕತ್ತಲೆಯ ಕೋಣೆಯಲ್ಲಿ ನಿಂತು ಅದೇ ಮಾತನ್ನು ಹೇಳಕೂಡದು. ಗ್ಯಾರೇಜಿನ ನೆರಳಿನಲ್ಲಿ, ಬಿಸಿಲಿನ ಮಧ್ಯಾಹ್ನದಲ್ಲಿ, ನಿಂತ ಗಾಡಿಗೆ ಸ್ಕ್ಯಾನರನ್ನು ಹಚ್ಚಿ ‘ಇಲ್ಲ’ ಎಂದದ್ದು ಕತ್ತಲೆಯ ಕೋಣೆಯಲ್ಲಿ ಗಡಿಗೆಯನ್ನು ಹುಡುಕಿದಂತೆ. ಯಾವ ಸ್ಥಿತಿಯಲ್ಲಿ ದೋಷವು ಕಾಣಿಸಿಕೊಳ್ಳುವದೋ ಆ ಸ್ಥಿತಿಯನ್ನು ಮೊದಲು ಒದಗಿಸಿ, ಆಮೇಲೆ ಕಾಣದೆಹೋದರೆ ಮಾತ್ರ ‘ಇಲ್ಲ’ ಎಂಬ ಮಾತಿಗೆ ಅಧಿಕಾರ ಬರುವದು.

ಮೂರನೆಯವನು ರಾಣೆಬೆನ್ನೂರಿನ ಒಬ್ಬ ಹಳೆಯ ಮಿಸ್ತ್ರಿ. ಅವನು ಶಾಸ್ತ್ರವನ್ನು ಓದಿದವನಲ್ಲ. ಆದರೆ ಅವನ ಮಾತು ಶಾಸ್ತ್ರಕ್ಕೆ ಹತ್ತಿರವಾಗಿತ್ತು. “ಸಾವಕಾರ್ರ, ಬ್ಯಾನಿ ಎಲ್ಲೈತಿ ಅಂತ ನನಗಿನ್ನೂ ಗೊತ್ತಿಲ್ಲ. ದೀಪ ಹತ್ತಿದ ದಿನ ಬರದಿಡ್ರಿ. ಹತ್ತದ ದಿನಾನೂ ಬರದಿಡ್ರಿ. ಯಾರ ಕೈಲೂ ಏನೂ ಅಳಿಸಬ್ಯಾಡ್ರಿ,” ಎಂದನು. ‘ನನಗೆ ಗೊತ್ತಿಲ್ಲ’ ಎಂಬ ಮಾತಿನಿಂದ ಆ ದಿನ ಅವನಿಗೆ ಒಂದು ರೂಪಾಯಿಯೂ ಹುಟ್ಟಲಿಲ್ಲ. ಆದರೆ ಮೂರು ಗ್ಯಾರೇಜುಗಳಲ್ಲಿ ಆಡಿದ ಮಾತುಗಳಲ್ಲಿ ಸತ್ಯವಾದದ್ದು ಅದೊಂದೇ.

ವರ್ತಕನು ತನ್ನ ಅಂಗಡಿಯ ಕಿರ್ದಿಯನ್ನು ಬರೆಯುವಷ್ಟೇ ನಿಷ್ಠೆಯಿಂದ ಒಂದು ವಹಿಯನ್ನು ಇಟ್ಟನು. ದಿನ, ಹೊತ್ತು, ಸ್ಥಳ, ಗಾಡಿ ಎಷ್ಟು ದಿನ ನಿಂತಿತ್ತು, ಮಳೆಯೋ ಬಿಸಿಲೋ, ಮುಂದಿನ ದೀಪಗಳು ಉರಿಯುತ್ತಿದ್ದವೋ ಇಲ್ಲವೋ, ವೇಗವೆಷ್ಟು, ಎಲ್ಲವನ್ನೂ ಬರೆದನು. ಆ ಋತುವಿನಲ್ಲಿ ಬ್ಯಾಡಗಿಯ ಪೇಟೆಯು ಮಂದವಾದ್ದರಿಂದ ಗಾಡಿಯು ಎರಡು ಮೂರು ದಿನ ಅಂಗಳದಲ್ಲಿಯೇ ನಿಲ್ಲುವದಿತ್ತು. ವಹಿಯಲ್ಲಿ ಐದು ಸಲ ದೀಪ ಹೊತ್ತಿದ ಲೆಕ್ಕವಾಯಿತು. ನಾಲ್ಕು ಸಲ, ಎರಡು ದಿನ ನಿಂತ ಗಾಡಿಯನ್ನು ಮುಂಜಾನೆ ಹೊರಗೆ ತೆಗೆದು ಸಾವಕಾಶವಾಗಿ ತಿರುಗಿಸುವಾಗ. ದಿನಾಲೂ ಓಡಿಸಿದ ವಾರಗಳಲ್ಲಿ ಒಂದು ಸಲವೂ ಇಲ್ಲ. ಇದು ಇದ್ದಾಗ ಅದು ಇರುವದು, ಇದು ಇಲ್ಲದಾಗ ಅದು ಇಲ್ಲದಿರುವದು ಎಂಬ ಅನ್ವಯ ವ್ಯತಿರೇಕಗಳು ಎರಡೂ ಕೂಡಿದಂತೆ ತೋರಿತು. ನಿಂತ ಗಾಡಿಯಲ್ಲಿ ಬ್ಯಾಟರಿ ಇಳಿಯುವದು; ನಿಧಾನವಾಗಿ ಹೋಗುವಾಗಲೇ ಸ್ಟಿಯರಿಂಗಿನ ಮೋಟಾರಿಗೆ ಹೆಚ್ಚು ವಿದ್ಯುತ್ತು ಬೇಕು; ಒತ್ತಡವು ಕುಸಿದು ದೀಪ ಹೊತ್ತುವದು. ಅಳೆದು ನೋಡಿದರೆ ಬ್ಯಾಟರಿಯೂ ಮುಪ್ಪಾಗಿತ್ತು. ಹೊಸ ಬ್ಯಾಟರಿಯನ್ನು ಹಾಕಿಸಿದನು. ಮೂರು ವಾರ ದೀಪವು ಮುಖ ತೋರಿಸಲಿಲ್ಲ.

ಆದರೆ ಐದನೆಯ ಸಲದ ಲೆಕ್ಕವು ಉಳಿದ ನಾಲ್ಕರ ಸಂಗಡ ಕೂಡುತ್ತಿರಲಿಲ್ಲ. ಆ ದಿನ ಗಾಡಿಯು ಮುಂಜಾನೆಯಿಂದ ಓಡಿಯೇ ಇತ್ತು. ಮಧ್ಯಾಹ್ನ ಜಿಟಿಜಿಟಿ ಮಳೆಯಲ್ಲಿ, ನೀರು ನಿಂತ ಒಂದು ಹೊಂಡವನ್ನು ದಾಟಿದ ತರುವಾಯ ದೀಪ ಹೊತ್ತಿತ್ತು. ಮಿಸ್ತ್ರಿಯು ವಹಿಯಲ್ಲಿ ಆ ಸಾಲಿನ ಸುತ್ತಲೂ ಪೆನ್ಸಿಲಿನಿಂದ ಒಂದು ಗುಂಡು ಹಾಕಿ ಸುಮ್ಮನಾದನು. ವರ್ತಕನು ಅದನ್ನು ನೋಡಿಯೂ ನೋಡದವನಂತೆ ವಹಿಯನ್ನು ಮುಚ್ಚಿದನು. ಮನಸ್ಸಿಗೆ ಬೇಕಾದ ನಾಲ್ಕು ಸಾಕ್ಷಿಗಳು ದೊರೆತ ಮೇಲೆ ಬೇಡವಾದ ಐದನೆಯದನ್ನು ಯಾರು ತಾನೇ ಕರೆದು ಕೂಡಿಸುವರು?

ಇದೇ ಹೊತ್ತಿಗೆ ಗಾಡಿಯನ್ನು ಕೊಳ್ಳುವದಕ್ಕೆ ರಾಣೆಬೆನ್ನೂರಿನ ಒಬ್ಬ ತರುಣನು ಬಂದನು. ಅವನ ತಂದೆಗೆ ಮೂತ್ರಪಿಂಡದ ವ್ಯಾಧಿ; ವಾರಕ್ಕೆ ಎರಡು ಸಲ ದಾವಣಗೆರೆಯ ಆಸ್ಪತ್ರೆಗೆ ಒಯ್ದು ರಕ್ತಶೋಧನೆ ಮಾಡಿಸಬೇಕು. ತರುಣನಿಗೆ ಬಿಡುವಿಲ್ಲದ ದಿನ ಸೊಸೆಯೇ ಮಾವನನ್ನು ಕರೆದೊಯ್ಯುವವಳು. ಅವನು ಗಾಡಿಯನ್ನು ಎರಡು ಸುತ್ತು ಓಡಿಸಿ ನೋಡಿ, ಸಂತೋಷಪಟ್ಟು, ಕೊನೆಗೆ ಎಲ್ಲರೂ ಕೇಳುವ ಮಾತನ್ನೇ ಕೇಳಿದನು: “ಗಾಡ್ಯಾಗ ಏನಾರ ತಕರಾರು ಐತೇನ್ರಿ?”

ವರ್ತಕನ ಮಗನು ತಂದೆಯನ್ನು ಒಳಗೆ ಕರೆದು ಹೇಳಿದ ಮಾತುಗಳು ಲೋಕದಲ್ಲಿ ದಿನಾಲೂ ಕೇಳಿಬರುವಂಥವೇ. ಮೊದಲನೆಯದು, ಈ ಗಾಡಿಯನ್ನು ಕೊಟ್ಟವನು ತಮಗೆ ಹೇಳಿದ್ದನೇ? ಎರಡನೆಯದು, ಬಳಸಿದ ವಸ್ತುವೆಂದ ಮೇಲೆ ನೋಡಿಕೊಳ್ಳುವದು ಕೊಳ್ಳುವವನ ಕೆಲಸ. ಬೆಲೆಯು ಕಡಿಮೆಯಿರುವದೂ ಅದಕ್ಕಾಗಿಯೇ. ಮೂರನೆಯದು, ಬ್ಯಾಟರಿಯನ್ನು ಬದಲಿಸಿಯಾಯಿತು. ದೋಷವು ಇದೆಯೆಂದು ಯಾರಿಗೆ ಗೊತ್ತು? ಇಲ್ಲದ ದೋಷವನ್ನು ಹೇಳಿ ಒಳ್ಳೆಯ ಗಾಡಿಗೆ ಕೆಟ್ಟ ಹೆಸರು ತರುವದೂ ಒಂದು ಅಸತ್ಯವಲ್ಲವೇ? ನಾಲ್ಕನೆಯದಾಗಿ ಒಂದು ಸೂಚನೆ: ನಾಳೆ ಸ್ಕ್ಯಾನರಿನಿಂದ ಹಳೆಯ ಸಂಕೇತಗಳನ್ನು ಅಳಿಸಿಬಿಟ್ಟರೆ ಯಾವ ಗ್ಯಾರೇಜಿನಲ್ಲಿ ತೋರಿಸಿದರೂ ಗಾಡಿಯು ನಿರ್ದೋಷವೆಂದೇ ಬರುವದು.

ಈ ಮಾತುಗಳನ್ನು ಹಗುರವಾಗಿ ತಳ್ಳಿಹಾಕಕೂಡದು. ಕಾಯಿದೆಯೂ ಒಂದು ಮಟ್ಟಿಗೆ ಮಗನ ಪಕ್ಷದಲ್ಲಿಯೇ ನಿಲ್ಲುವದು. 1872ನೆಯ ಇಸವಿಯ ಭಾರತದ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯೆಂದರೇನೆಂದು ಹೇಳುತ್ತ, ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಾಗದೆಂದೇ ಹೇಳಿದೆ. ಅಲ್ಲಿಯ ದೃಷ್ಟಾಂತಗಳು ಕುದುರೆಯವು. ಒಬ್ಬನು ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವದು ಅವನ ಕರ್ತವ್ಯ. ಕೊಳ್ಳುವವನು, ‘ನೀನು ಅಲ್ಲವೆನ್ನದಿದ್ದರೆ ಕುದುರೆಯು ನೆಟ್ಟಗಿದೆಯೆಂದು ತಿಳಿಯುತ್ತೇನೆ’ ಎಂದಾಗ ಸುಮ್ಮನಿದ್ದರೆ ಆ ಮೌನವೇ ಮಾತು. ಇದಲ್ಲದೆ ತಿಳಿದ ಸಂಗತಿಯನ್ನು ಪ್ರಯತ್ನಪೂರ್ವಕವಾಗಿ ಮರೆಮಾಡುವದು ವಂಚನೆಯೆಂದು ಅದೇ ಕಲಮು ಸ್ಪಷ್ಟವಾಗಿ ಹೇಳುವದು. ರಾಣೆಬೆನ್ನೂರಿನ ತರುಣನು ಬಾಯಿಬಿಟ್ಟು ಕೇಳಿಯೇಬಿಟ್ಟಿದ್ದನು; ಅಂದಬಳಿಕ ಮೌನದ ಆಶ್ರಯವು ವರ್ತಕನಿಗೆ ಉಳಿಯಲಿಲ್ಲ. ಇನ್ನು ಸಂಕೇತಗಳನ್ನು ಅಳಿಸುವ ಸೂಚನೆಯು ಮೌನವೂ ಅಲ್ಲ. ಅದು ಸಾಕ್ಷಿಯ ನಾಲಗೆಯನ್ನು ಕೊಯ್ಯುವದು. ಮೊದಲನೆಯ ಗ್ಯಾರೇಜಿನವರು ಅಳಿಸಿದ್ದು ಅಜ್ಞಾನದಿಂದ. ಮಗನು ಅಳಿಸಬೇಕೆಂದದ್ದು ಜ್ಞಾನದಿಂದ. ಕೈಯ ಕೆಲಸವು ಒಂದೇ, ಕರ್ಮವು ಬೇರೆ.

ಧರ್ಮಶಾಸ್ತ್ರವು ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಕಂಡಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದದ್ದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸುವದಕ್ಕೆ ವಸ್ತುವಿಗೆ ತಕ್ಕಂತೆ ಅವಧಿಯನ್ನು ವಿಧಿಸಿದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ದನಕ್ಕೆ ಮೂರು ದಿನ, ಹೊರುವ ಎಳೆಯುವ ದನಕ್ಕೆ ಐದು ದಿನ, ರತ್ನಗಳಿಗೆ ಏಳು ದಿನ, ಬೀಜಕ್ಕೆ ಹತ್ತು ದಿನ. ಕಬ್ಬಿಣವು ಒಂದೇ ದಿನದಲ್ಲಿ ತನ್ನ ಗುಣವನ್ನು ತೋರಿಸುವದು. ಎತ್ತು ಕೆಲವು ದಿನ ನೊಗ ಹೊತ್ತ ಮೇಲೆ ತೋರಿಸುವದು. ಬೀಜವು ಮೊಳೆತ ಮೇಲೆಯೇ ತೋರಿಸುವದು. ದೋಷವು ಕಾಣಿಸಿಕೊಳ್ಳುವದಕ್ಕೆ ಕಾಲ ಬೇಕೆಂಬ ತತ್ತ್ವವು ಇಲ್ಲಿ ಅಡಗಿದೆ. ಹಾವೇರಿಯ ದನದ ಸಂತೆಯಲ್ಲಿ ಹಲ್ಲು ನೋಡಿ, ಬೆನ್ನು ಸವರಿ, ನಡೆಸಿ ನೋಡಿ ಎತ್ತು ಕೊಳ್ಳುವ ಒಕ್ಕಲಿಗನಿಗೂ ಇದು ಗೊತ್ತು: ಸಂತೆಯಲ್ಲಿ ನೆಟ್ಟಗೆ ನಡೆದ ಎತ್ತು ಉಳುವಾಗ ಮಲಗೀತು. ನೋಡಿಕೊಳ್ಳುವದು ಕೊಳ್ಳುವವನ ಕೆಲಸವೆಂಬ ಮಾತು ನೋಡಿದರೆ ಕಾಣುವ ದೋಷಕ್ಕೆ ಸಲ್ಲುವದು. ಎರಡು ಸುತ್ತು ಓಡಿಸಿದವನಿಗೆ ಎರಡು ತಿಂಗಳಿಗೆ ಐದು ಸಲ ಕಾಣುವ ದೋಷವು ಕಾಣುವ ಬಗೆಯೇ ಇಲ್ಲ. ಅಲ್ಲಿ ಮಾರುವವನ ಕಣ್ಣೇ ಕೊಳ್ಳುವವನ ಕಣ್ಣು. ಅದೇ ಸ್ಮೃತಿಯು, ದೋಷವುಳ್ಳದ್ದನ್ನು ದೋಷವಿಲ್ಲದ್ದರಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ಹೇಳಿದೆ.

ಉಳಿದದ್ದು ಮೂರನೆಯ ಆಕ್ಷೇಪವು, ಮತ್ತು ಬಲವಾದದ್ದೂ ಅದೇ. ದೋಷವು ಇದೆಯೆಂದು ವರ್ತಕನಿಗೇ ನಿಶ್ಚಯವಿಲ್ಲ. ಸಂದೇಹವನ್ನು ಹೇಳುವ ಭಾರವು ಯಾರ ಮೇಲಾದರೂ ಇದೆಯೇ?

1877ರಲ್ಲಿ ವಿಲ್ಯಂ ಕ್ಲಿಫರ್ಡ್ ಎಂಬ ಆಂಗ್ಲ ಗಣಿತಜ್ಞನು ನಂಬಿಕೆಯ ನೀತಿಯನ್ನು ಕುರಿತ ತನ್ನ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯನ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಹಡಗು ಹಳೆಯದು, ಒಡೆಯನಿಗೆ ಅದರ ವಿಷಯವಾಗಿ ಸಂದೇಹಗಳಿದ್ದವು. ಎಷ್ಟೋ ಯಾತ್ರೆಗಳನ್ನು ಮುಗಿಸಿದ ಹಡಗು ಇದನ್ನೂ ಮುಗಿಸೀತೆಂದು ಅವನು ತನ್ನನ್ನು ತಾನು ಸಮಾಧಾನಪಡಿಸಿಕೊಂಡು, ಪ್ರಾಮಾಣಿಕವಾಗಿಯೇ ನಂಬಿ, ವಲಸೆ ಹೋಗುವ ಕುಟುಂಬಗಳನ್ನು ಅದರಲ್ಲಿ ಕಳಿಸಿದನು. ಹಡಗು ಮುಳುಗಿತು. ಅವನು ಅಪರಾಧಿಯೇ; ಯಾತಕ್ಕೆಂದರೆ ಆ ನಂಬಿಕೆಯನ್ನು ಅವನು ವಿಚಾರದಿಂದ ಗಳಿಸಿರಲಿಲ್ಲ, ಸಂದೇಹದ ಬಾಯಿ ಮುಚ್ಚಿ ಗಳಿಸಿದ್ದನು. ಹಡಗು ಸುರಕ್ಷಿತವಾಗಿ ದಡ ಮುಟ್ಟಿದ್ದರೂ ಅಪರಾಧವು ಕಡಿಮೆಯಾಗುತ್ತಿರಲಿಲ್ಲವೆಂದು ಕ್ಲಿಫರ್ಡನು ವಾದಿಸಿದ್ದಾನೆ. ವರ್ತಕನು ಮುಚ್ಚಿದ ವಹಿಯಲ್ಲಿ ಗುಂಡು ಹಾಕಿದ ಐದನೆಯ ಸಾಲು ಇತ್ತು. ‘ದೋಷವಿದೆಯೋ ಇಲ್ಲವೋ ಗೊತ್ತಿಲ್ಲ’ ಎಂಬ ಮಾತು ಅವನ ಬಾಯಲ್ಲಿ ನಿಜವಾಗಬೇಕಾದರೆ ಆ ಸಾಲನ್ನು ತೆರೆದಿಟ್ಟೇ ಅದನ್ನು ಆಡಬೇಕು.

ಇಲ್ಲಿ ಇನ್ನೊಂದು ದಾರಿಯೂ ಇತ್ತು. ಅವನು ತರುಣನಿಗೆ, “ಈಗ ಯಾವ ದೀಪವೂ ಹತ್ತಂಗಿಲ್ಲ,” ಎಂದಷ್ಟೇ ಹೇಳಬಹುದಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕುರುಕ್ಷೇತ್ರದಲ್ಲಿ ಧರ್ಮರಾಜನು ಅಶ್ವತ್ಥಾಮನ ವಿಷಯವಾಗಿ ಆಡಿದ ಮಾತಿನಲ್ಲಿಯೂ ಹಾಗೆ ನೋಡಿದರೆ ಒಂದಕ್ಷರವೂ ಸುಳ್ಳಿರಲಿಲ್ಲ. ಆನೆಯೆಂಬ ಶಬ್ದವು ಮಾತ್ರ ದ್ರೋಣನ ಕಿವಿಗೆ ಮುಟ್ಟಲಿಲ್ಲ. ಅಲ್ಲಿಯ ವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ನಡೆಯುತ್ತಿದ್ದ ಅವನ ರಥವು ಆ ಗಳಿಗೆಯಲ್ಲಿ ನೆಲಕ್ಕೆ ತಾಗಿತೆಂದು ಭಾರತವು ಹೇಳುವದು. ಸತ್ಯವೆಂಬದು ಶಬ್ದಗಳಲ್ಲಿ ಇರತಕ್ಕದ್ದಲ್ಲ, ಕೇಳುವವನ ಮನಸ್ಸಿನಲ್ಲಿ ಹುಟ್ಟುವ ಜ್ಞಾನದಲ್ಲಿ ಇರತಕ್ಕದ್ದು. ‘ಈಗ’ ಎಂಬ ಒಂದು ಶಬ್ದದ ಬೆನ್ನ ಹಿಂದೆ ಐದು ಸಲದ ದೀಪವನ್ನು ಬಚ್ಚಿಡುವದು, ದೊಡ್ಡ ದನಿಯಿಂದ ಹೆಸರನ್ನು ಹೇಳಿ ಸಣ್ಣ ದನಿಯಿಂದ ಆನೆಯನ್ನು ಹೇಳಿದಂತೆ.

ಹಾಗಾದರೆ ಸಂದೇಹವುಳ್ಳವನು ಹೇಳತಕ್ಕದ್ದೇನು? ತಿಳಿದದ್ದನ್ನು ತಿಳಿದಷ್ಟು, ತಿಳಿಯದ್ದನ್ನು ತಿಳಿಯದೆಂದು. ಗಾಡಿಯು ಕೆಟ್ಟದ್ದೆಂದು ಹೇಳುವದು ಅವನ ಕೆಲಸವಲ್ಲ. ಅದು ಅವನಿಗೆ ಗೊತ್ತಿಲ್ಲ. ಒಳ್ಳೆಯದೆಂದು ಹೇಳುವದೂ ಅಲ್ಲ, ಅದೂ ಗೊತ್ತಿಲ್ಲ. ಇಂಥ ದಿನ ಇಂಥಲ್ಲಿ ಹೀಗಾಯಿತು, ಇದನ್ನು ಬದಲಿಸಲಾ­ಯಿತು, ಅಂದಿನಿಂದ ಇಷ್ಟು ದಿನ ಆಗಿಲ್ಲ, ಈ ಒಂದು ಸಲದ ಕಾರಣವು ಇನ್ನೂ ತಿಳಿದಿಲ್ಲ. ಇಷ್ಟು ಹೇಳಿದರೆ ಗಾಡಿಗೆ ಕೆಟ್ಟ ಹೆಸರು ಬರಲಿಕ್ಕಿಲ್ಲ. ಸಂದೇಹಕ್ಕೆ ಎಷ್ಟು ಬೆಲೆಯೋ ಅಷ್ಟು ಬೆಲೆ ಮಾತ್ರ ಕಡಿಮೆಯಾಗುವದು. ಆ ಕಡಿತವು ನ್ಯಾಯವಾದದ್ದೇ. ಹೇಳದೆ ಮಾರಿದರೆ ಸಂದೇಹದ ಭಾರವು ತಪ್ಪುವದಿಲ್ಲ. ಬೆಲೆಯು ಮಾರಿದವನಿಗೆ, ಭಾರವು ಮಾವನನ್ನು ಕೂಡಿಸಿಕೊಂಡು ದಾವಣಗೆರೆಗೆ ಹೋಗುವ ಸೊಸೆಯ ತೋಳಿಗೆ. ಇನ್ನು ತಮಗೆ ಕೊಟ್ಟವನು ಹೇಳಿರಲಿಲ್ಲವೆಂಬ ಮೊದಲನೆಯ ಆಕ್ಷೇಪಕ್ಕೆ ಉತ್ತರವು ಸುಲಭವು. ಹಾವೇರಿಯವನು ಮಾಡಿದ ಅನ್ಯಾಯದ ಸಾಲವನ್ನು ರಾಣೆಬೆನ್ನೂರಿನವನಿಂದ ವಸೂಲು ಮಾಡುವ ಲೆಕ್ಕವು ಯಾವ ಕಿರ್ದಿಯಲ್ಲಿಯೂ ಇಲ್ಲ.

ವರ್ತಕನಿಗೆ ಇದು ತಿಳಿಯದ ಮಾತಲ್ಲ. 2011ರಲ್ಲಿ ಭೌಗೋಲಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೇಟೆಯಲ್ಲಿ ಅವನು ಬೆಳೆದವನು. ಬಾಯಲ್ಲಿ ಕೆಂಪಗೆ ಒಣಗಿದ್ದು ಒಡಲಲ್ಲಿ ನೀರು ಕುಡಿದ ಚೀಲವು ತೂಕವನ್ನೂ ಕದಿಯುವದು, ಕೆಲವು ದಿನಗಳಲ್ಲಿ ಬೂಷ್ಟು ಹಿಡಿದು ನೆರೆಯ ಚೀಲವನ್ನೂ ಕೆಡಿಸುವದು ಎಂಬದನ್ನು ಕೈಯಾರೆ ಬಲ್ಲವನು. ಚೀಲದ ಬಾಯನ್ನು ಮಾತ್ರ ತೋರಿಸಿ ಮಾರಿದವನನ್ನು ಅವನು ಜನ್ಮದಲ್ಲಿ ಅಂಗಡಿಯ ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ. ಅವನು ಒಳಗಿನಿಂದ ವಹಿಯನ್ನು ತಂದು ತರುಣನ ಕೈಗೆ ಕೊಟ್ಟನು. ಗುಂಡು ಹಾಕಿದ ಸಾಲನ್ನು ಬೆರಳಿಟ್ಟು ತೋರಿಸಿದನು.

ತರುಣನು ಓದಿ ನೋಡಿ, ಒಂದು ತಿಂಗಳು ತಡೆಯುವೆನೆಂದು ಹೇಳಿ ಹೋದನು. ಆ ತಿಂಗಳಿನ ಎರಡನೆಯ ವಾರದಲ್ಲಿ, ಸೋನೆ ಮಳೆಯ ಒಂದು ಸಂಜೆ, ಹೊಸ ಬ್ಯಾಟರಿಯು ತುಂಬಿರುವಾಗಲೇ ದೀಪವು ತಿರುಗಿ ಹೊತ್ತಿತು. ಮಿಸ್ತ್ರಿಯು ಈ ಸಲ ಗಾಡಿಯನ್ನು ನೀರಿನಿಂದ ತೋಯಿಸಿ, ಮುಂದಿನ ದೀಪಗಳನ್ನು ಉರಿಸಿ, ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುವಿಸುತ್ತ, ಬ್ಯಾಟರಿಯ ಋಣ ತುದಿಗೂ ಸ್ಟಿಯರಿಂಗಿನ ಮೋಟಾರಿಗೂ ನಡುವೆ ಮಲ್ಟಿಮೀಟರನ್ನು ಹಿಡಿದು ನೋಡಿದನು. ಒಂದು ವೋಲ್ಟಿನ ಸಣ್ಣ ಭಾಗದಷ್ಟು ಮಾತ್ರ ತೋರಿಸಬೇಕಾದ ಕಡೆ ಮುಳ್ಳು ಮೇಲಕ್ಕೆ ಜಿಗಿಯಿತು. ಅರ್ಥಿಂಗ್ ತಂತಿಯನ್ನು ಗಾಡಿಯ ಒಡಲಿಗೆ ಬಿಗಿದ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಹಸಿಯಾದಾಗ ಆ ಸಂದಿಯಲ್ಲಿ ವಿದ್ಯುತ್ತು ತಡವರಿಸುತ್ತಿತ್ತು. ಒಣಗಿದಾಗ ಸರಾಗವಾಗಿ ಹರಿಯುತ್ತಿತ್ತು. ಅಂಗಳದಲ್ಲಿ ಎರಡು ದಿನ ಮಳೆಗೆ ನಿಂತ ಗಾಡಿಯ ಮುಂಜಾವಿನಲ್ಲಿಯೂ ಹೊಂಡದ ನೀರಿನ ಮಧ್ಯಾಹ್ನದಲ್ಲಿಯೂ ಸಮಾನವಾಗಿದ್ದದ್ದು ಹಸಿಯೇ ಹೊರತು ನಿಲ್ಲುವಿಕೆಯಲ್ಲ. ಬೆಂಕಿಯಿದ್ದಲ್ಲಿ ಹೊಗೆಯಿರುವದೆಂಬ ನಿಯಮವು ಕಾದ ಕಬ್ಬಿಣದ ಗುಂಡಿನಲ್ಲಿ ಕೆಡುವದನ್ನು ತೋರಿಸಿ, ಹೊಗೆಗೆ ಬೇಕಾದ ಉಪಾಧಿಯು ಹಸಿಯ ಕಟ್ಟಿಗೆಯೆಂದು ನೈಯಾಯಿಕರು ಪಾಠಶಾಲೆಯ ಮಕ್ಕಳಿಗೂ ಹೇಳಿಕೊಡುವ ಪಾಠವೇ ಇದು. ಬೇಡವಾದ ಐದನೆಯ ಸಾಕ್ಷಿಯೇ ನಿಜವನ್ನು ನುಡಿದಿತ್ತು. ತುಕ್ಕನ್ನು ಉಜ್ಜಿ ತೆಗೆದು, ಹೊಸ ತಂತಿಯನ್ನು ಬಿಗಿದು ಮುಗಿಸಿದ ಕೆಲಸಕ್ಕೆ ಮಿಸ್ತ್ರಿಯು ತೆಗೆದುಕೊಂಡ ಕೂಲಿಯು ಎರಡನೆಯ ಗ್ಯಾರೇಜಿನವರು ಕೇಳಿದ ಮೊತ್ತದ ಮುಂದೆ ಲೆಕ್ಕಕ್ಕೇ ಬರುವಂತಿರಲಿಲ್ಲ.

ತರುಣನು ತಿರುಗಿ ಬರಲಿಲ್ಲ. ತಂದೆಯ ಚಿಕಿತ್ಸೆಯು ತಡೆಯುವಂಥದ್ದಲ್ಲವಾದ್ದರಿಂದ ಅವನು ಅಷ್ಟರಲ್ಲಿ ಬೇರೊಂದು ಗಾಡಿಯನ್ನು ಕೊಂಡಿದ್ದನು. ಸತ್ಯವನ್ನು ಹೇಳಿದ್ದರಿಂದ ವರ್ತಕನಿಗೆ ಒಂದು ಒಳ್ಳೆಯ ಗಿರಾಕಿಯು ತಪ್ಪಿದ್ದು ನಿಜ. ಅದನ್ನು ಲಾಭವೆಂದು ಬಣ್ಣಿಸುವದರಲ್ಲಿ ಅರ್ಥವಿಲ್ಲ. ಆದರೆ ಆ ಸೋನೆ ಮಳೆಯ ಸಂಜೆ ದೀಪ ಹೊತ್ತಿದಾಗ ಚಕ್ರದ ಮೇಲೆ ಇದ್ದದ್ದು ಅವನದೇ ಕೈಗಳು. ದೋಷವನ್ನು ಬಲ್ಲ ಕೈಗಳು. ಅವನು ವೇಗವನ್ನು ತಗ್ಗಿಸಿ, ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ಸಾವಕಾಶವಾಗಿ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದನು. ದೋಷವು ಬಲ್ಲವನ ಕೈಯಲ್ಲಿದ್ದರೆ ತೊಂದರೆ. ಅರಿಯದವನ ಕೈಗೆ ದಾಟಿದರೆ ಅಪಾಯ. ಆ ಎರಡರ ನಡುವೆ ಇರುವದು ಹೇಳಬೇಕಾದವನು ಹೇಳುವ ನಾಲ್ಕು ಮಾತು.

ಗಾಡಿಯು ಈಗಲೂ ಬ್ಯಾಡಗಿಯ ಅದೇ ಅಂಗಳದಲ್ಲಿದೆ. ವಹಿಯು ಅದರ ಮುಂದಿನ ಖಾನೆಯಲ್ಲಿದೆ. ಮುಂದೆ ಎಂದಾದರೂ ಗಾಡಿಯು ಇನ್ನೊಬ್ಬರ ಕೈಗೆ ಹೋದರೆ ವಹಿಯೂ ಅದರ ಸಂಗಡ ಹೋಗತಕ್ಕದ್ದು.